ಸಿಂಗಪುರದ ಹಾಕರ್ ಸೆಂಟರ್‌ಗಳು: ಇಬ್ಬರಿಗೆ, ಎರಡು ದಿನಕ್ಕೆ

ಸಿಂಗಪುರಕ್ಕೆ ಎರಡು ದಿನದ ಮಟ್ಟಿಗೆ ಹೋಗುವ ಗಂಡ ಹೆಂಡತಿ ಸಾಮಾನ್ಯವಾಗಿ ನೋಡುವ ಜಾಗಗಳ ಪಟ್ಟಿಯನ್ನು ಮೊದಲು ಮಾಡಿಕೊಳ್ಳುತ್ತಾರೆ. ಊಟ ಆಯಾ ಹೊತ್ತಿಗೆ ಹತ್ತಿರ ಎಲ್ಲಾದರೂ ಆದೀತು ಎಂದುಕೊಳ್ಳುತ್ತಾರೆ. ತಿನ್ನುವುದಕ್ಕೆಂದೇ ಹೋಗುವವರಿಗೆ ಈ ಕ್ರಮ ಕೈಕೊಡುತ್ತದೆ. ಉದ್ಯಾನ, ಗೋಪುರ, ದೇವಸ್ಥಾನಗಳು ಸಂಜೆಗೂ ಅಲ್ಲೇ ಇರುತ್ತವೆ. ಹಾಕರ್ ಸೆಂಟರಿನ ಒಳ್ಳೆಯ ಅಂಗಡಿಯಾದರೋ ಮಾಡಿದ್ದು ಖಾಲಿಯಾದ ಕೂಡಲೇ, ಎಷ್ಟೋ ಸಲ ಮಧ್ಯಾಹ್ನ ಎರಡು ಗಂಟೆಗೇ, ಪಾತ್ರೆ ತೊಳೆದಿಟ್ಟು ಬಾಗಿಲು ಹಾಕುತ್ತದೆ. ಆದ್ದರಿಂದ ಮೊದಲು ಅಂಗಡಿಯ ಹೊತ್ತು ಗೊತ್ತುಮಾಡಿಕೊಳ್ಳಿ, ನೋಡುವ ಜಾಗಗಳನ್ನು ಅದರ ಸುತ್ತ ಜೋಡಿಸಿಕೊಳ್ಳಿ. ಹಾಗೆ ಮಾಡಿದರೆ ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಬಗೆ ತಿನ್ನಲು ಸಿಗುವ ನಗರ ಹುಡುಕಿದರೂ ಸಿಗುವುದು ಕಷ್ಟ.

ಹಾಕರ್ ಸೆಂಟರ್ ಎಂದರೆ ದೊಡ್ಡ ಚಾವಣಿಯ ಕೆಳಗೆ ಸಾಲಾಗಿ ನಿಂತ ಪುಟ್ಟ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಒಂದೊಂದು ಅಂಗಡಿಯಲ್ಲಿ ಒಂದೋ ಎರಡೋ ತಿನಿಸು ಮಾತ್ರ, ಅದನ್ನೇ ದಿನವಿಡೀ ಮಾಡುತ್ತಾರೆ. ರುಚಿಯ ಗುಟ್ಟೂ ಅದೇ. ಮೊದಲು ಇವರೆಲ್ಲ ಬೀದಿಬದಿ ಗಾಡಿಯವರು. 1971ರಿಂದ 1986ರವರೆಗೆ ಸರ್ಕಾರ ನಲ್ಲಿ ನೀರು, ಚರಂಡಿ ಇರುವ ಕಟ್ಟಡಗಳನ್ನು ಕಟ್ಟಿ ಅವರನ್ನು ಒಳಗೆ ತಂದಿತು. ಇಂದು ಇಂಥವು 110ಕ್ಕೂ ಹೆಚ್ಚಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಎಸಿ ಇರುವುದಿಲ್ಲ, ಫ್ಯಾನ್ ಮಾತ್ರ. ಸೆಖೆ ತಡೆಯದವರು ಮಧ್ಯಾಹ್ನದ ಸುತ್ತನ್ನು ಹನ್ನೊಂದಕ್ಕೆ ಮುನ್ನವೇ ಇಟ್ಟುಕೊಳ್ಳುವುದು ಮೇಲು.

ಇಬ್ಬರೇ ಹೋಗುವುದು ಇಲ್ಲಿ ದೊಡ್ಡ ಅನುಕೂಲ. ಒಬ್ಬರೇ ಹೋದರೆ ಎರಡು ತಟ್ಟೆಗೆ ಹೊಟ್ಟೆ ತುಂಬುತ್ತದೆ, ನಾಲ್ವರು ಹೋದರೆ ನಾಲ್ಕು ಸೀಟು ಒಟ್ಟಿಗೆ ಸಿಗುವುದಿಲ್ಲ. ಇಬ್ಬರಾದರೆ ಒಬ್ಬರು ಸಾಲಿನಲ್ಲಿ ನಿಲ್ಲಬಹುದು, ಇನ್ನೊಬ್ಬರು ಜಾಗ ಹಿಡಿದು ಕುಡಿಯುವುದನ್ನು ತರಬಹುದು. ಬಹಳ ಅಂಗಡಿಗಳಲ್ಲಿ ಒಂದೇ ತಿನಿಸಿಗೆ ಎರಡು ಮೂರು ಅಳತೆಯ ಬೆಲೆ ಬರೆದಿರುತ್ತದೆ. ಯಾವಾಗಲೂ ಎಲ್ಲಕ್ಕಿಂತ ಚಿಕ್ಕದನ್ನು, ಒಂದೇ ಒಂದು ತಟ್ಟೆ ಹೇಳಿ. ಅದನ್ನು ಹಂಚಿಕೊಂಡು ತಿಂದ ಮೇಲೆ ಮುಂದಿನ ಅಂಗಡಿ. ಹೀಗೆ ಒಂದು ಸುತ್ತಿನಲ್ಲಿ ನಾಲ್ಕು ಅಂಗಡಿ ಆರಾಮಾಗಿ ಆಗುತ್ತದೆ. ಎಡವುವುದು ಎಲ್ಲಿ ಎಂದರೆ, ಹಸಿದು ಬಂದ ಹೊತ್ತಿನಲ್ಲಿ ತಲೆಗೊಂದು ತಟ್ಟೆ ಹೇಳಿಬಿಡುವುದು. ನೂಡಲ್ಸ್, ಅನ್ನದ ತಟ್ಟೆಗಳು ಚಿಕ್ಕದಾಗಿ ಕಂಡರೂ ಎಣ್ಣೆ, ತೆಂಗಿನಹಾಲಿನಿಂದ ಭಾರವಾಗಿರುತ್ತವೆ. ಎರಡನೆಯ ಅಂಗಡಿಯ ಹೊತ್ತಿಗೆ ಸಾಕಾಗಿಬಿಡುತ್ತದೆ.

ಜಾಗ ಹಿಡಿಯುವುದಕ್ಕೆ ಅಲ್ಲಿನವರು ‘ಚೋಪ್’ ಮಾಡುವುದು ಎನ್ನುತ್ತಾರೆ. ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ಟೋ ಕೊಡೆಯೋ ಇದ್ದರೆ ಆ ಸೀಟು ಯಾರದೋ ಆಗಿದೆ ಎಂದು ತಿಳಿಯಿರಿ, ಎತ್ತಿ ಪಕ್ಕಕ್ಕಿಡಬೇಡಿ. ಖಾಲಿ ಸೀಟಿದ್ದರೆ ಗುರುತಿಲ್ಲದವರ ಮೇಜಿನಲ್ಲೂ ಕೇಳಿ ಕೂರಬಹುದು. ಮೇಜಿನ ಮೇಲೆ ನಂಬರ್ ಇರುತ್ತದೆ, ಸಾಲಿಗೆ ಹೋಗುವ ಮುನ್ನ ನೋಡಿಟ್ಟುಕೊಳ್ಳಿ. ಕೆಲವು ಅಂಗಡಿಯವರು ಮೇಜಿಗೇ ತಂದುಕೊಡುತ್ತಾರೆ. ‘ಸೆಲ್ಫ್ ಸರ್ವಿಸ್’ ಎಂಬ ಫಲಕವಿದ್ದರೆ ಅಲ್ಲೇ ನಿಂತು ತೆಗೆದುಕೊಳ್ಳಬೇಕು. ಟಿಶ್ಯೂ, ಕುಡಿಯುವ ನೀರು ಎರಡನ್ನೂ ಅವರು ಕೊಡುವುದಿಲ್ಲ. ನಲ್ಲಿ ನೀರು ಕುಡಿಯಲು ಯೋಗ್ಯ, ಹಾಗಾಗಿ ಹೋಟೆಲಿನಿಂದ ಬಾಟಲಿ ತುಂಬಿಕೊಂಡು ಹೊರಡಿ.

ತಿಂದ ಮೇಲೆ ಟ್ರೇ, ತಟ್ಟೆ, ಟಿಶ್ಯೂ ಎಲ್ಲವನ್ನೂ ಎತ್ತಿ ಟ್ರೇ ಕಪಾಟಿಗೆ ಇಡುವುದು 2021ರ ಸೆಪ್ಟೆಂಬರ್ 1ರಿಂದ ಕಡ್ಡಾಯ. ಮೊದಲ ಸಲ ಲಿಖಿತ ಎಚ್ಚರಿಕೆ, ಎರಡನೆಯ ಸಲ 300 ಸಿಂಗಪುರ ಡಾಲರ್ ದಂಡ. ಹಲಾಲ್ ಅಂಗಡಿಗಳ ಟ್ರೇಗೆ ಬೇರೆ ಕಪಾಟು, ಉಳಿದದ್ದಕ್ಕೆ ಬೇರೆ. ಎರಡು ಕಡೆಯ ತಟ್ಟೆಗಳನ್ನು ಒಂದೇ ಟ್ರೇಯಲ್ಲಿ ಪೇರಿಸಬೇಡಿ. ಅಲ್ಲಿ ಹಂದಿಮಾಂಸದ ಅಂಗಡಿಯೂ ಮುಸ್ಲಿಮರ ಅಂಗಡಿಯೂ ಒಂದೇ ಚಾವಣಿಯ ಕೆಳಗೆ ನಡೆಯಲು ಈ ಶಿಸ್ತೂ ಒಂದು ಕಾರಣ.

ದುಡ್ಡಿನ ಲೆಕ್ಕ. ಸಾಮಾನ್ಯ ತಟ್ಟೆಗೆ 4ರಿಂದ 8 ಡಾಲರ್, ‘ಕೋಪಿ’ ಎಂಬ ಅಲ್ಲಿನ ಕಾಫಿಗೆ ಎರಡು ಡಾಲರಿನ ಒಳಗೆ. ನಾಲ್ಕು ಚಿಕ್ಕ ತಟ್ಟೆ, ಎರಡು ಪಾನೀಯ ಸೇರಿ ಒಂದು ಸುತ್ತಿಗೆ ಇಬ್ಬರಿಗೆ 25 ಡಾಲರ್ ಇಟ್ಟುಕೊಂಡರೆ ಸಾಕು. ದಿನಕ್ಕೆ ಮೂರು ಸುತ್ತು, ನಡುವೆ ಒಂದು ಸಿಹಿ ಎಂದರೆ 80ರಿಂದ 85 ಡಾಲರ್. ಅದೇ ಎಸಿ ರೆಸ್ಟೋರೆಂಟಿಗೆ ಹೋದರೆ ಮೆನುವಿನ ಬೆಲೆಯ ಮುಂದೆ ಎರಡು ‘ಪ್ಲಸ್’ ಗುರುತು ಇದೆಯೇ ನೋಡಿ. ಮೊದಲನೆಯದು ಶೇ 10 ಸೇವಾ ಶುಲ್ಕ, ಎರಡನೆಯದು ಅದನ್ನೂ ಸೇರಿಸಿದ ಮೊತ್ತದ ಮೇಲೆ ಶೇ 9 ಜಿಎಸ್‌ಟಿ. 100 ಡಾಲರಿನ ಊಟ 119.90 ಆಗುತ್ತದೆ. ಹಾಕರ್ ಅಂಗಡಿಯಲ್ಲಿ ಬರೆದಿರುವುದೇ ಬೆಲೆ, ಟಿಪ್ಸ್ ಪದ್ಧತಿಯೂ ಇಲ್ಲ. ಬಹಳ ಅಂಗಡಿಗಳಲ್ಲಿ ಸ್ಥಳೀಯ ಬ್ಯಾಂಕ್ ಖಾತೆಗೆ ಜೋಡಿಸಿದ ಕ್ಯುಆರ್ ಕೋಡ್ ಇರುತ್ತದೆ, ಅದು ಪ್ರವಾಸಿಗೆ ಉಪಯೋಗಕ್ಕೆ ಬಾರದೇ ಹೋಗಬಹುದು. ಕ್ರೆಡಿಟ್ ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ. 2, 5, 10 ಡಾಲರಿನ ನೋಟುಗಳು ಜೇಬಿನಲ್ಲಿರಲಿ. ಬೆಳಗಿನ ಜಾವ 50ರ ನೋಟು ಚಾಚಿದರೆ ಚಿಲ್ಲರೆಗೆ ಪರದಾಡಬೇಕಾಗುತ್ತದೆ.

ಕಾಫಿಯ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರೋಣ, ಏಕೆಂದರೆ ಅದನ್ನು ಹೇಳುವ ಭಾಷೆಯೇ ಬೇರೆ. ಬರೀ ‘ಕೋಪಿ’ ಎಂದರೆ ಮಂದಗೊಳಿಸಿದ ಸಿಹಿ ಹಾಲು ಹಾಕಿದ ಕಾಫಿ. ‘ಕೋಪಿ ಓ’ ಎಂದರೆ ಹಾಲಿಲ್ಲ, ಸಕ್ಕರೆ ಇದೆ. ‘ಕೋಪಿ ಸಿ’ ಎಂದರೆ ಸಿಹಿಯಿಲ್ಲದ ಗಟ್ಟಿಹಾಲು ಮತ್ತು ಸಕ್ಕರೆ. ಇವುಗಳ ಹಿಂದೆ ‘ಕೊಸೊಂಗ್’ ಸೇರಿಸಿದರೆ ಸಕ್ಕರೆ ಬೇಡ, ‘ಸ್ಯೂ ದಾಯ್’ ಎಂದರೆ ಸಿಹಿ ಕಡಿಮೆ, ‘ಗಾವ್’ ಎಂದರೆ ಡಿಕಾಕ್ಷನ್ ಸ್ಟ್ರಾಂಗ್, ‘ಪೋ’ ಎಂದರೆ ತೆಳು, ‘ಪೆಂಗ್’ ಎಂದರೆ ಐಸ್ ಹಾಕಿ. ಪದಗಳನ್ನು ಒಂದರ ಹಿಂದೊಂದು ಪೋಣಿಸಬಹುದು: ‘ಕೋಪಿ ಸಿ ಸ್ಯೂ ದಾಯ್ ಗಾವ್’ ಎಂದು ಕೇಳಿದರೆ ಗಟ್ಟಿಹಾಲಿನ, ಸಿಹಿ ಕಡಿಮೆಯ, ಸ್ಟ್ರಾಂಗ್ ಲೋಟ ಬರುತ್ತದೆ. ಫಿಲ್ಟರ್ ಕಾಫಿಯ ನಾಲಿಗೆಗೆ ಹತ್ತಿರ ಬರುವುದು ಇದೇ. ‘ಕೋಪಿ ಸಿ ಕೊಸೊಂಗ್’ ಹೇಳಿದರೆ ಹಾಲಿದ್ದರೂ ಸಿಹಿ ಒಂದಿಷ್ಟೂ ಇರುವುದಿಲ್ಲ. ಅವರ ಬೀಜವನ್ನು ಸಕ್ಕರೆ, ಮಾರ್ಗರೀನ್ ಜೊತೆ ಕಪ್ಪಗೆ ಹುರಿದಿರುತ್ತಾರೆ, ಉದ್ದನೆಯ ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಹಾಗಾಗಿ ಕಹಿಯ ಜೊತೆಗೆ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. ಚಹಾಕ್ಕೂ ಇದೇ ಪದಗಳು, ‘ಕೋಪಿ’ ಬದಲು ‘ತೇ’. ಶುಂಠಿ ಹಾಕಿದ್ದು ಬೇಕಾದರೆ ‘ತೇ ಹಾಲಿಯಾ’. ಜೊತೆಗೆ ಕಾಯಾ ಟೋಸ್ಟ್: ತೆಂಗಿನಹಾಲು, ಮೊಟ್ಟೆ, ಸಕ್ಕರೆ, ಪಾಂಡನ್ ಎಂಬ ಸುವಾಸನೆಯ ಎಲೆ ಸೇರಿಸಿ ಕಾಯಿಸಿದ ಜಾಮ್, ಮೇಲೆ ತಣ್ಣನೆಯ ಬೆಣ್ಣೆಯ ಹಲ್ಲೆ. ಮೊಟ್ಟೆ ತಿನ್ನದವರು ಜಾಮಿನಲ್ಲೂ ಮೊಟ್ಟೆ ಇದೆ ಎಂಬುದನ್ನು ಮರೆಯಬಾರದು.

ಸಸ್ಯಾಹಾರಿಗಳಿಗೆ ಈ ಊರು ಆಗುತ್ತದೆಯೇ? ಆಗುತ್ತದೆ, ಆದರೆ ಕಣ್ಣಿಗೆ ಕಾಣುವ ತರಕಾರಿಯನ್ನು ನಂಬಿ ಹೇಳಬಾರದು. ಮಾಂಸದ ತುಂಡು ತೆಗೆದುಕೊಡಿ ಎಂದರೆ ಸಾಲದು, ಮಾಂಸ ಇರುವುದು ಎಣ್ಣೆಯಲ್ಲಿ, ಸಾರಿನಲ್ಲಿ, ಚಟ್ನಿಯಲ್ಲಿ. ಚಿಕನ್ ರೈಸಿನ ಅನ್ನವನ್ನೇ ಕೋಳಿ ಕೊಬ್ಬು, ಕೋಳಿ ಸಾರಿನಲ್ಲಿ ಬೇಯಿಸಿರುತ್ತಾರೆ, ‘ಬರೀ ಅನ್ನ’ ಎಂದು ಕೇಳಿ ಪ್ರಯೋಜನವಿಲ್ಲ. ಚಾರ್ ಕ್ವೇ ತಿಯೋ ಎಂಬ ಹುರಿದ ಅಗಲ ಅಕ್ಕಿ ಶಾವಿಗೆಗೆ ಹಂದಿ ಕೊಬ್ಬು ಬೀಳುವುದು ಸಾಮಾನ್ಯ. ಲಕ್ಸಾ ಎಂಬ ತೆಂಗಿನಹಾಲಿನ ನೂಡಲ್ಸ್ ಸಾರಿನ ಮಸಾಲೆಯಲ್ಲಿ ಒಣ ಸೀಗಡಿ ಅರೆದಿರುತ್ತದೆ. ಹಣ್ಣು ತರಕಾರಿಯ ರೋಜಕ್ ನೋಡಲು ಸಲಾಡಿನಂತಿದ್ದರೂ ಅದರ ಕಪ್ಪು ಗೊಜ್ಜು ಸೀಗಡಿಯದ್ದು. ಸಂಬಲ್ ಚಟ್ನಿಯಲ್ಲಿ ‘ಬೆಲಚಾನ್’ ಎಂಬ ಸೀಗಡಿ ಪೇಸ್ಟ್ ಇರುವುದೇ ಹೆಚ್ಚು. ಇನ್ನು ‘ಕ್ಯಾರೆಟ್ ಕೇಕ್’ ಎಂಬ ಫಲಕ ಕಂಡು ಸಿಹಿ ಎಂದುಕೊಂಡು ಹೋಗುವವರಿದ್ದಾರೆ. ಅದರಲ್ಲಿ ಕ್ಯಾರೆಟ್ಟೂ ಇಲ್ಲ, ಕೇಕೂ ಅಲ್ಲ. ಬಿಳಿ ಮೂಲಂಗಿ ಮತ್ತು ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ ಮೊಟ್ಟೆಯೊಂದಿಗೆ ಹುರಿದದ್ದು. ಬಿಳಿಯದು ಖಾರ, ಕರಿಯದು ಸಿಹಿ ಸೋಯಾ ಸಾಸಿನದು. ಮೊಟ್ಟೆ, ಮಾಂಸ ತಿನ್ನುವವರು ಒಮ್ಮೆ ತಿನ್ನಲೇಬೇಕು.

ಹಾಗಾದರೆ ಸಸ್ಯಾಹಾರಿ ತಿನ್ನುವುದೇನು? ದೊಡ್ಡ ಸೆಂಟರುಗಳಲ್ಲಿ ‘ವೆಜಿಟೇರಿಯನ್’ ಎಂದು ಸ್ಪಷ್ಟವಾಗಿ ಬರೆದ ಚೀನೀ ಅಂಗಡಿ ಒಂದಾದರೂ ಸಾಮಾನ್ಯವಾಗಿ ಇರುತ್ತದೆ. ಬೌದ್ಧ ಪದ್ಧತಿಯ ಅಡುಗೆ, ಎಷ್ಟೋ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಹುರಿದ ಅಕ್ಕಿ ಶಾವಿಗೆಯ ಮೇಲೆ ನಾವು ಕೈತೋರಿಸಿದ ಪಲ್ಯಗಳನ್ನು ಹಾಕಿಕೊಡುತ್ತಾರೆ. ಮಾಂಸದಂತೆಯೇ ಕಾಣುವ ತುಂಡುಗಳು ಗೋಧಿ, ಸೋಯಾದವು, ಗಾಬರಿಬೀಳಬೇಕಿಲ್ಲ. ಚಾಂದ್ರಮಾನದ 1 ಮತ್ತು 15ನೇ ದಿನ ಅಲ್ಲಿನವರೂ ವ್ರತ ಹಿಡಿಯುವುದರಿಂದ ಈ ಅಂಗಡಿಗಳ ಮುಂದೆ ಆ ದಿನ ಸಾಲು ಉದ್ದ. ದಕ್ಷಿಣ ಭಾರತದ ಅಂಗಡಿಗಳಲ್ಲಿ ‘ತೋಸೈ’ ಎಂದು ಬರೆದಿರುವುದು ದೋಸೆ, ‘ಪ್ರಾತಾ’ ಎಂದರೆ ಪರೋಟ. ಪ್ರಾತಾ ಹೇಳುವಾಗ ಎರಡು ಮಾತು ಕೇಳಿ: ಮೊಟ್ಟೆ ಹಾಕಿದೆಯೇ, ಜೊತೆಯ ಸಾರು ಯಾವುದು. ಕೇಳದಿದ್ದರೆ ಮೀನಿನ ಸಾರೋ ಕುರಿ ಸಾರೋ ಬರುವ ಸಂಭವವಿದೆ, ‘ದಾಲ್’ ಎಂದು ಹೇಳಿ. ಸಿಹಿಯಲ್ಲಿ ತೊಂದರೆ ಕಡಿಮೆ. ಚೆಂಡೋಲ್ ಎಂದರೆ ಪುಡಿ ಐಸಿನ ಮೇಲೆ ತೆಂಗಿನಹಾಲು, ತೆಂಗಿನ ಮರದ ಬೆಲ್ಲ, ಪಾಂಡನ್ ಹಾಕಿದ ಹಸಿರು ಶಾವಿಗೆ. ಬಿಸಿಯದು ಬೇಕಾದರೆ ಪುಟು ಪಿರಿಂಗ್: ಅಕ್ಕಿಹಿಟ್ಟಿನೊಳಗೆ ಅದೇ ಬೆಲ್ಲ ತುಂಬಿ ಹಬೆಯಲ್ಲಿ ಬೇಯಿಸಿ, ತೆಂಗಿನ ತುರಿಯ ಜೊತೆ ಕೊಡುತ್ತಾರೆ. ಬಿಸಿ ಬೆಲ್ಲ ಒಳಗೆ ಕರಗಿ ನಿಂತಿರುತ್ತದೆ, ಇಡಿಯಾಗಿ ಬಾಯಿಗೆ ಹಾಕಿಕೊಂಡರೆ ನಾಲಿಗೆ ಸುಡುವುದು ಖಂಡಿತ.

ಜೋಡಿಯಲ್ಲಿ ಒಬ್ಬರು ಸಸ್ಯಾಹಾರಿ, ಇನ್ನೊಬ್ಬರು ಅಲ್ಲ ಎಂದಾದರೆ ರೆಸ್ಟೋರೆಂಟಿಗಿಂತ ಹಾಕರ್ ಸೆಂಟರೇ ಒಳ್ಳೆಯದು. ಒಂದೇ ಮೇಜು, ಬೇರೆ ಬೇರೆ ಅಡುಗೆಮನೆ. ಚಮಚ ಬೇರೆ ಇಟ್ಟುಕೊಂಡರಾಯಿತು.

ಯಾವ ಸೆಂಟರಿಗೆ ಹೋಗಬೇಕು ಎಂಬುದಕ್ಕೆ ಎರಡು ದಿನದ ದಾರಿಯನ್ನೇ ಹಿಡಿದು ಹೇಳುವುದು ಸುಲಭ. ಅದಕ್ಕೂ ಮೊದಲು ರೈಲಿನ ಎರಡು ನಿಯಮ. ಎಂಆರ್‌ಟಿ ಎಂಬ ನಗರ ರೈಲಿನ ಗೇಟಿನಲ್ಲಿ ಕಾಂಟ್ಯಾಕ್ಟ್‌ಲೆಸ್ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು, ಹೊರದೇಶದ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ ಬೀಳುತ್ತದೆ. ಆದರೆ ಒಂದು ಕಾರ್ಡಿನಲ್ಲಿ ಇಬ್ಬರು ಹೋಗಲಾಗದು, ತಲೆಗೊಂದು ಕಾರ್ಡ್ ಬೇಕು. ಎರಡನೆಯದು, ಪಾರ್ಸೆಲ್ ಕಟ್ಟಿಸಿಕೊಂಡು ರೈಲಿನಲ್ಲಿ ಬಾಯಾಡಿಸುವ ಹಾಗಿಲ್ಲ. ತಿಂದರೂ ಕುಡಿದರೂ 500 ಡಾಲರಿನವರೆಗೆ ದಂಡ. ಡುರಿಯನ್ ಹಣ್ಣನ್ನಂತೂ ಒಳಗೆ ತರುವಂತೆಯೇ ಇಲ್ಲ.

ಮೊದಲ ಬೆಳಗು ತಿಯೊಂಗ್ ಬಾರು. ಕೆಳಗೆ ತರಕಾರಿ, ಮೀನಿನ ಮಾರುಕಟ್ಟೆ, ಮೇಲೆ ತಿಂಡಿ. ಫಲಕದಲ್ಲಿ ‘ಲೆವೆಲ್ 2’ ಎಂದಿದ್ದರೆ ನಮ್ಮ ಲೆಕ್ಕದ ಮೊದಲ ಮಹಡಿ. ಅಂಗಡಿಯ ವಿಳಾಸದಲ್ಲಿ ‘02-05’ ಎಂದಿದ್ದರೆ ಮೊದಲ ಅಂಕಿ ಮಹಡಿ, ಎರಡನೆಯದು ಅಂಗಡಿ ನಂಬರ್. ಇಷ್ಟು ಗೊತ್ತಿದ್ದರೆ ನೂರು ಅಂಗಡಿಯ ನಡುವೆ ಅಲೆಯುವುದು ತಪ್ಪುತ್ತದೆ. ಇಲ್ಲಿ ಚ್ವೀ ಕ್ವೆ ಕೇಳಿ. ಪುಟ್ಟ ಬಟ್ಟಲಿನಲ್ಲಿ ಹಬೆಯಾಡಿಸಿದ ನುಣುಪಾದ ಅಕ್ಕಿಹಿಟ್ಟಿನ ಬಿಲ್ಲೆ, ಮೇಲೆ ಉಪ್ಪಿನಲ್ಲಿ ಹಾಕಿಟ್ಟ ಮೂಲಂಗಿಯ ಒಗ್ಗರಣೆ. ಒಗ್ಗರಣೆಗೆ ಯಾವ ಎಣ್ಣೆ, ಖಾರಕ್ಕೆ ಸೀಗಡಿ ಹಾಕಿದೆಯೇ ಎಂದು ಸಸ್ಯಾಹಾರಿಗಳು ಕೇಳಿಕೊಳ್ಳಲಿ. ಎಂಟು ಗಂಟೆಗೆ ಇಲ್ಲಿರಿ. ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ, ಆದ್ದರಿಂದ ಬಿಸಿಲು ಇನ್ನೂ ಏರಿರುವುದಿಲ್ಲ. ತಿಂದು ಸುತ್ತಲಿನ 1930ರ ದಶಕದ ಬಿಳಿ ವಸತಿ ಕಟ್ಟಡಗಳ ದುಂಡು ಮೂಲೆಗಳನ್ನು ನೋಡುತ್ತ ಹಾವ್ಲಾಕ್ ನಿಲ್ದಾಣಕ್ಕೆ ನಡೆಯಿರಿ. ಸೋಮವಾರ ಇಲ್ಲಿ ಬಹಳ ಅಂಗಡಿ ರಜೆ.

ಹಾವ್ಲಾಕಿನಿಂದ ಎರಡನೆಯ ನಿಲ್ದಾಣ ಮ್ಯಾಕ್ಸ್‌ವೆಲ್. ಹೊರಬಂದರೆ ಎದುರಿಗೇ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್. ಹತ್ತೂವರೆಗೆ ತಲುಪಿದರೆ ಹೆಸರುವಾಸಿ ತಿಯನ್ ತಿಯನ್ ಚಿಕನ್ ರೈಸಿನ ಸಾಲು ಸಹಿಸುವಷ್ಟಿರುತ್ತದೆ, ಹನ್ನೆರಡಕ್ಕೆ ಕಚೇರಿಯವರು ಬಂದು ಸೇರುತ್ತಾರೆ. ಅದಕ್ಕೂ ಸೋಮವಾರ ರಜೆ. ಸಾಲು ಮುಕ್ಕಾಲು ಗಂಟೆಯದ್ದಾದರೆ ಬಿಟ್ಟುಬಿಡಿ. ಎರಡು ದಿನದಲ್ಲಿ ಮುಕ್ಕಾಲು ಗಂಟೆ ಎಂದರೆ ಎರಡು ಅಂಗಡಿ ಕಳೆದುಕೊಂಡಂತೆ, ಅಲ್ಲಿಯೇ ಪಕ್ಕದವರ ಚಿಕನ್ ರೈಸೂ ಚೆನ್ನಾಗಿರುತ್ತದೆ. ಐದು ನಿಮಿಷ ನಡೆದರೆ ಚೈನಾಟೌನ್ ಕಾಂಪ್ಲೆಕ್ಸ್, ಅಂಗಡಿಗಳ ಸಂಖ್ಯೆಯಲ್ಲಿ ದೇಶದಲ್ಲೇ ದೊಡ್ಡದು. 2016ರಲ್ಲಿ ಮಿಶೆಲಿನ್ ಎಂಬ ಊಟದ ಕೈಪಿಡಿಯ ನಕ್ಷತ್ರ ಪಡೆದ ಎರಡು ಹಾಕರ್ ಅಂಗಡಿಗಳಲ್ಲಿ ಒಂದು ಇಲ್ಲಿಯದೇ. ಗಲಿಬಿಲಿ ಎನಿಸುವಷ್ಟು ದೊಡ್ಡದು, ಮೊದಲ ಭೇಟಿಗೆ ಮ್ಯಾಕ್ಸ್‌ವೆಲ್ಲೇ ಸರಿ. ಹತ್ತಿರದ ಅಮೋಯ್ ಸ್ಟ್ರೀಟ್ ಸೆಂಟರ್ ರುಚಿಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ, ಆದರೆ ಅದು ಕಚೇರಿ ಮಂದಿಯ ಊಟದ ಜಾಗ. ಶನಿವಾರ ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ, ವಾರದ ದಿನ ಹನ್ನೆರಡೂವರೆಗೆ ಹೋದರೆ ಸೀಟಿಲ್ಲ.

ಮಧ್ಯಾಹ್ನ ಇದೇ ಸುತ್ತಿನಲ್ಲಿ 1827ರ ಶ್ರೀ ಮಾರಿಯಮ್ಮನ್ ದೇವಸ್ಥಾನ, ತೆಲೊಕ್ ಆಯರ್ ಬೀದಿಯ ತಿಯನ್ ಹೋಕ್ ಕೆಂಗ್ ದೇವಾಲಯ. ಈ ಬೀದಿ ಒಂದು ಕಾಲಕ್ಕೆ ಕಡಲ ದಂಡೆ. ಹಡಗಿಳಿದ ಚೀನೀ ವಲಸಿಗರು ಸುರಕ್ಷಿತವಾಗಿ ಬಂದದ್ದಕ್ಕೆ ಕೈಮುಗಿಯುತ್ತಿದ್ದ ಜಾಗವಿದು. ಮುಂದೆ ಸಮುದ್ರವನ್ನು ಮಣ್ಣು ತುಂಬಿ ಹಿಂದಕ್ಕೆ ತಳ್ಳಿದ್ದಾರೆ. ಎರಡರಿಂದ ಐದರವರೆಗೆ ಕೋಣೆಗೆ ಹೋಗಿ ಮಲಗಿ. ಅಂಗಡಿಗಳೂ ಮಂಕಾಗಿರುತ್ತವೆ, ಮಳೆ ಬಂದರೂ ಸಾಮಾನ್ಯವಾಗಿ ಇದೇ ಹೊತ್ತಿಗೆ.

ಸಂಜೆ ಗಾರ್ಡನ್ಸ್ ಬೈ ದ ಬೇ. ಸೂಪರ್‌ಟ್ರೀ ಎಂಬ ಮರದಾಕಾರದ ಎತ್ತರದ ಗೋಪುರಗಳ ದೀಪದ ಪ್ರದರ್ಶನ 7.45ಕ್ಕೆ ಮತ್ತು 8.45ಕ್ಕೆ, ಉಚಿತ. ಮೊದಲನೆಯದನ್ನು ನೋಡಿ ಅದೇ ಹೆಸರಿನ ನಿಲ್ದಾಣದಿಂದ ರೈಲು ಹತ್ತಿದರೆ ಎರಡನೆಯದು ಶೆಂಟನ್ ವೇ, ಅಲ್ಲಿಂದ ಲಾವ್ ಪಾ ಸಾತ್ ಹತ್ತಿರ. 1894ರ ಎರಕದ ಕಬ್ಬಿಣದ ಎಂಟು ಮೂಲೆಯ ಮಾರುಕಟ್ಟೆ, ಕಬ್ಬಿಣ ಗ್ಲಾಸ್ಗೋದಿಂದ ಬಂದದ್ದು. ಹೆಸರಿನ ಅರ್ಥವೂ ‘ಹಳೆಯ ಮಾರುಕಟ್ಟೆ’ ಎಂದೇ. ಕಟ್ಟಡ ಚೆಂದ, ಬೆಲೆ ಬೇರೆ ಸೆಂಟರುಗಳಿಗಿಂತ ಕೊಂಚ ಹೆಚ್ಚು. ಇಲ್ಲಿಗೆ ಬರಬೇಕಾದದ್ದು ಪಕ್ಕದ ಬೂನ್ ತಾತ್ ಬೀದಿಗಾಗಿ. ಸಂಜೆ ಏಳಕ್ಕೆ ವಾಹನ ನಿಲ್ಲಿಸಿ ರಸ್ತೆಯ ಮೇಲೇ ಮೇಜು ಹಾಕುತ್ತಾರೆ, ಕಡ್ಡಿಗೆ ಚುಚ್ಚಿದ ಮಾಂಸದ ತುಂಡುಗಳಾದ ಸಾಟೆಯನ್ನು ಇದ್ದಿಲಿನ ಮೇಲೆ ಸುಡುತ್ತಾರೆ. ಸಾಮಾನ್ಯವಾಗಿ ಹತ್ತು ಕಡ್ಡಿಗಿಂತ ಕಡಿಮೆ ಕೊಡುವುದಿಲ್ಲ. ಇಬ್ಬರಿಗೆ ಅಷ್ಟೇ ಸಾಕು, ‘ಸೆಟ್’ ಹೆಸರಿನ ದೊಡ್ಡ ತಟ್ಟೆಗೆ ತಲೆಯಾಡಿಸಬೇಡಿ. ಕಡಲೆಕಾಯಿ ಅಲರ್ಜಿ ಇದ್ದವರು ಇದರ ಗೊಜ್ಜಿನಿಂದ ದೂರವಿರಬೇಕು.

ಎರಡನೆಯ ಬೆಳಗು ಲಿಟಲ್ ಇಂಡಿಯಾದ ತೆಕ್ಕಾ ಸೆಂಟರ್. ನೆಲಮಟ್ಟದಲ್ಲೇ ಒಂದು ಕಡೆ ಮಾರುಕಟ್ಟೆ, ಒಂದು ಕಡೆ ತಿಂಡಿ. ಸಸ್ಯಾಹಾರಿಗಳಿಗೆ ಇದೇ ತೌರು. ಕೂತು ಬಾಳೆಎಲೆ ಊಟ ಮಾಡುವ ಆಸೆಯಿದ್ದರೆ ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಇದೆ. ಆದರೆ ಎರಡೇ ದಿನ ಇರುವವರು ಇಲ್ಲಿನ ದೋಸೆಗೆ ಒಂದಿಡೀ ಹೊತ್ತು ಕೊಡುವುದಕ್ಕಿಂತ ಒಂದು ಪ್ರಾತಾ ಹಂಚಿಕೊಂಡು ಮುಂದೆ ಹೋಗುವುದೇ ಸರಿ. ವೀರಮಾಕಾಳಿಯಮ್ಮನ್ ದೇವಸ್ಥಾನವನ್ನು ಮಧ್ಯಾಹ್ನ ಬಾಗಿಲು ಹಾಕುವ ಮುನ್ನವೇ ನೋಡಿಕೊಳ್ಳಿ. ಲಿಟಲ್ ಇಂಡಿಯಾ ನಿಲ್ದಾಣದಿಂದ ಡೌನ್‌ಟೌನ್ ಲೈನಿನಲ್ಲಿ ಎರಡನೆಯ ನಿಲ್ದಾಣ ಬುಗಿಸ್, ನಡೆದರೆ ಸುಲ್ತಾನ್ ಮಸೀದಿ. ಅದರ ಚಿನ್ನದ ಬಣ್ಣದ ಗುಮ್ಮಟದ ಬುಡದಲ್ಲಿ ಕಪ್ಪಗೆ ಕಾಣುವ ಪಟ್ಟಿ ಗಾಜಿನ ಬಾಟಲಿಗಳ ತಳ. ಮಸೀದಿ ಕಟ್ಟುವಾಗ ಬಡವರೂ ತಮ್ಮ ಪಾಲು ಕೊಡಲೆಂದು ಬಾಟಲಿಗಳನ್ನು ತಂದುಕೊಟ್ಟಿದ್ದರು. ಎದುರಿನ ಬೀದಿಗಳಲ್ಲಿ ಮುರ್ತಬಾಕ್ ಸಿಗುತ್ತದೆ: ತೆಳುವಾಗಿ ಎಳೆದ ಹಿಟ್ಟಿನೊಳಗೆ ಮೊಟ್ಟೆ, ಈರುಳ್ಳಿ, ಮಾಂಸ ತುಂಬಿ ಮಡಚಿ ಬೇಯಿಸಿದ್ದು. ಇಬ್ಬರಿಗೆ ಒಂದು, ಅದೂ ಚಿಕ್ಕದು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ತಪ್ಪಿಸಿ.

ರಾತ್ರಿಗೆ ಓಲ್ಡ್ ಏರ್‌ಪೋರ್ಟ್ ರೋಡ್. ಬುಗಿಸ್‌ನಿಂದ ಪ್ರೊಮೆನಾಡ್, ಅಲ್ಲಿ ಸರ್ಕಲ್ ಲೈನಿಗೆ ಬದಲಿಸಿ ನಾಲ್ಕನೆಯ ನಿಲ್ದಾಣ ಡಕೋಟಾ. ಒಂದೇ ಒಂದು ಸೆಂಟರಿಗೆ ಸಮಯವಿದೆ ಎಂದಾದರೆ ಇದನ್ನೇ ಆರಿಸಿಕೊಳ್ಳಬೇಕು. ಪ್ರವಾಸಿ ತಾಣಗಳಿಂದ ದೂರ, ಸುತ್ತಲಿನ ಮನೆಯವರೇ ಗಿರಾಕಿಗಳು. ಹೊಕ್ಕಿಯನ್ ಮೀ ಎಂಬ ಸೀಗಡಿ ಸಾರಿನಲ್ಲಿ ಬೆಂದ ನೂಡಲ್ಸ್, ರೋಜಕ್, ಗಟ್ಟಿ ಗೊಜ್ಜಿನ ಲೋರ್ ಮೀ ಇಲ್ಲಿ ಹೆಸರುವಾಸಿ. ಆರು ಗಂಟೆಗೆ ಬನ್ನಿ. ಎಂಟಕ್ಕೆ ಬಂದರೆ ಉದ್ದ ಸಾಲಿನ ಅಂಗಡಿಗಳಲ್ಲಿ ಒಂದೆರಡು ಆಗಲೇ ಖಾಲಿಯಾಗಿರುತ್ತವೆ.

ಸಮುದ್ರದ ಏಡಿ, ದೊಡ್ಡ ಸೀಗಡಿ ಬೇಕೆನ್ನುವವರು ಒಂದು ಎಚ್ಚರ ವಹಿಸಬೇಕು. ಬೆಲೆಯ ಜಾಗದಲ್ಲಿ ‘ಮಾರ್ಕೆಟ್ ಪ್ರೈಸ್’ ಎಂದಿದ್ದರೆ, ಅಥವಾ ಅಂಕಿ ಬರೆದು ಕೆಳಗೆ ‘100 ಗ್ರಾಂಗೆ’ ಎಂದು ಸಣ್ಣಗೆ ಇದ್ದರೆ, ತೂಕ ಮಾಡಿಸಿ ಒಟ್ಟು ಎಷ್ಟಾಗುತ್ತದೆ ಎಂದು ಬೇಯಿಸುವ ಮುನ್ನ ಕೇಳಿ. ಒಂದು ಕೆಜಿಯ ಏಡಿ ಎಂದರೆ ಆ ಅಂಕಿಯ ಹತ್ತು ಪಟ್ಟು. ಜಗಳವಾಗುವುದೆಲ್ಲ ಬೆಂದ ಮೇಲೆ.

ಟಿಕೆಟ್ ಕೊಳ್ಳುವ ಮೊದಲು ಕ್ಯಾಲೆಂಡರ್ ನೋಡಿ. ಚೀನೀ ಹೊಸ ವರ್ಷದ ಸುತ್ತಮುತ್ತ ಬಹುಪಾಲು ಅಂಗಡಿಯವರು ಹಲವು ದಿನ ರಜೆ ಹಾಕುತ್ತಾರೆ, ತಿನ್ನಲೆಂದೇ ಹೋಗುವವರಿಗೆ ಅದು ಕೆಟ್ಟ ವಾರ. ರಂಜಾನ್ ತಿಂಗಳಲ್ಲಿ ಹಗಲು ಕೆಲವು ಮುಸ್ಲಿಂ ಅಂಗಡಿಗಳು ಮುಚ್ಚಿದ್ದರೂ ಸಂಜೆ ಗೇಲಾಂಗ್ ಸೆರಾಯ್‌ನ ಸಂತೆ ಅದಕ್ಕೆ ಸರಿಗಟ್ಟುತ್ತದೆ. ಇದಲ್ಲದೆ ಪ್ರತಿ ಸೆಂಟರನ್ನೂ ನಿಯತವಾಗಿ ತೊಳೆಯಲು ಮುಚ್ಚುತ್ತಾರೆ, ಹಲವು ವರ್ಷಕ್ಕೊಮ್ಮೆ ದುರಸ್ತಿಗೆ ವಾರಗಟ್ಟಲೆಯೂ ಮುಚ್ಚುತ್ತಾರೆ. ಈ ದಿನಾಂಕಗಳನ್ನು ರಾಷ್ಟ್ರೀಯ ಪರಿಸರ ಸಂಸ್ಥೆ ಎನ್‌ಇಎ ತನ್ನ ಜಾಲತಾಣದಲ್ಲಿ ಮೊದಲೇ ಹಾಕುತ್ತದೆ. ಸೋಮವಾರ ಮಂಗಳವಾರದ ಬದಲು ಬುಧವಾರ ಗುರುವಾರ ಇಟ್ಟುಕೊಂಡರೆ ರಜೆಯ ಕಾಟ ಕಡಿಮೆ, ಸಾಲೂ ಕಡಿಮೆ.

ವಾಪಸು ಬರುವಾಗ ಕಾಯಾ ಬಾಟಲಿ ಕೊಂಡರೆ ಕೈಚೀಲದಲ್ಲಿ ಇಡಬೇಡಿ. ವಿಮಾನದ ತಪಾಸಣೆಯಲ್ಲಿ ಜಾಮ್ ಕೂಡ ದ್ರವದ ಲೆಕ್ಕಕ್ಕೇ ಬರುತ್ತದೆ, 100 ಮಿಲಿಲೀಟರ್ ಮೀರಿದ ಬಾಟಲಿಯನ್ನು ತೆಗೆದಿಟ್ಟುಕೊಳ್ಳುತ್ತಾರೆ. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಕೋಪಿ ಪುಡಿಗೆ ಆ ತೊಂದರೆಯಿಲ್ಲ.